ತಲೆಯಿಲ್ಲದ ಸೀಗಡಿ ಮತ್ತು ನಾನು ಪ್ರಕಟಿಸದ ಒಂದು ಕಮೆಂಟು

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ತಿಂಗಳುಗಳೇ ಆದವು. ಕಾರಣ ಕೇಳಬೇಡಿ, ಎಲ್ಲ ಬ್ಲಾಗಿಗರದ್ದೂ ಒಂದೇ ಕಾರಣ... ಆಫೀಸು, ಮನೆ, ಆಮೇಲೆ ಸೋಮಾರಿತನ. ಮೊನ್ನೆ ಭಾನುವಾರ ಹಳೆಯ ಬರಹಗಳನ್ನೆಲ್ಲ ಒಂದು ಕಡೆ ಸೇರಿಸಿಡೋಣ ಅಂತ ಕೂತೆ. ನೋಡಿದರೆ ಪ್ರಕಟಿಸದೇ ಬಿಟ್ಟ ಒಂದು ಕಮೆಂಟು ಮೂಲೆಯಲ್ಲಿ ಹಾಗೇ ಬಿದ್ದಿತ್ತು. 2013ರದ್ದು! ನೋಡಿದ ಕೂಡಲೇ ಎಲ್ಲ ನೆನಪಾಯಿತು, ಒಬ್ಬನೇ ಕೂತಿದ್ದರೂ ನಾಚಿಕೆಯಾಯಿತು.

ವಿಷಯ ಇಷ್ಟು. 2011ರಲ್ಲಿ ನಾನು ಇಲ್ಲೇ 'ಕಡಲಿನ ಮೊದಲ ಹುಲಿ' ಅಂತ ಒಂದು ಬರಹ ಹಾಕಿದ್ದೆ. ಸುಮಾರು ಐವತ್ತು ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಅನೋಮಲೊಕ್ಯಾರಿಸ್ ಎಂಬ ಪ್ರಾಣಿಯ ಬಗ್ಗೆ. ಒಂದು ಮೀಟರ್ ಉದ್ದ, ಮುಂದೆ ಎರಡು ಮುಳ್ಳಿನ ಕೈ, ಅನಾನಸ್ ಹೋಳಿನಂಥ ದುಂಡು ಬಾಯಿ, ಟ್ರೈಲೊಬೈಟುಗಳನ್ನು ಕಡಲೆಕಾಯಿ ಒಡೆದ ಹಾಗೆ ಒಡೆದು ತಿನ್ನುತ್ತಿತ್ತು... ಹೀಗೆಲ್ಲ ಜೋರಾಗಿ ಬರೆದಿದ್ದೆ. ಬಹಳ ಜನ ಮೆಚ್ಚಿಕೊಂಡಿದ್ದರು, ನಾನೂ ಉಬ್ಬಿಹೋಗಿದ್ದೆ. ಎರಡು ವರ್ಷ ಬಿಟ್ಟು ಹೆಸರು ಹೇಳದ ಯಾರೋ ಒಬ್ಬರು ಬರೆದರು. ಬರಹ ಚೆನ್ನಾಗಿದೆ, ಆದರೆ ಆ ಅನಾನಸ್ ಬಾಯಿ ಈ ಪ್ರಾಣಿಯದಲ್ಲ, ಅದರ ದಾಯಾದಿಯದು ಅಂತ ಹೋದ ವರ್ಷ ತೋರಿಸಿದ್ದಾರೆ. ಟ್ರೈಲೊಬೈಟ್ ಒಡೆಯುವ ಮಾತೂ ಅನುಮಾನವೇ. ತಿದ್ದಿದರೆ ಒಳ್ಳೆಯದು, ಅಂತ. ಇಷ್ಟೇ. ಬೈಗುಳ ಇಲ್ಲ, ಕುಹಕ ಇಲ್ಲ. ಆದರೂ ನನಗೆ ಎಲ್ಲಿಲ್ಲದ ಸಿಟ್ಟು ಬಂತು. 'ಹೆಸರು ಹೇಳೋಕೆ ಧೈರ್ಯ ಇಲ್ಲದವರ ಮಾತು ಯಾಕೆ ಪ್ರಕಟಿಸಬೇಕು' ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಿಟ್ಟುಬಿಟ್ಟೆ.

ಈಗ ಕೂತು ಓದಿದರೆ ಅವರು ಹೇಳಿದ್ದೇ ಸರಿ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಈ ಪ್ರಾಣಿಯ ಚರಿತ್ರೆ. ಅದು ಪೂರ್ತಿ ತಪ್ಪುಗಳದ್ದೇ ಚರಿತ್ರೆ, ಮತ್ತು ತಪ್ಪನ್ನು ಒಪ್ಪಿಕೊಂಡವರ ಚರಿತ್ರೆ. ಹಾಗಾಗಿ ಈ ಬಾರಿ ಅದನ್ನೇ ಸರಿಯಾಗಿ ಹೇಳುತ್ತೇನೆ, ಕೇಳಿ.

ಕೆನಡಾದ ಪಶ್ಚಿಮಕ್ಕೆ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ. ಅಲ್ಲಿ ರಾಕಿ ಪರ್ವತಗಳ ನಡುವೆ ಫೀಲ್ಡ್ ಎಂಬ ಪುಟ್ಟ ಊರು. 1880ರ ದಶಕದಲ್ಲಿ ಕೆನಡಿಯನ್ ಪೆಸಿಫಿಕ್ ರೈಲು ಹಳಿ ಆ ಕಣಿವೆಯಲ್ಲಿ ಹಾದುಹೋಯಿತು. ಪಕ್ಕದ ಮೌಂಟ್ ಸ್ಟೀಫನ್ ಬೆಟ್ಟದಲ್ಲಿ ಕಲ್ಲಿನ ಹುಳಗಳಿವೆ ಅಂತ ರೈಲು ಕೆಲಸದವರು ಹೇಳುತ್ತಿದ್ದರು. ಆ ಹುಳಗಳೇ ಟ್ರೈಲೊಬೈಟುಗಳು, ಅಂದರೆ ಬೆನ್ನಿನ ಚಿಪ್ಪು ಉದ್ದಕ್ಕೂ ಮೂರು ಪಾಲಾಗಿ ಕಾಣುವ, ಎಂದೋ ಅಳಿದುಹೋದ ಕಡಲ ಜೀವಿಗಳು. ಕೆನಡಾ ಭೂವೈಜ್ಞಾನಿಕ ಸಮೀಕ್ಷೆಯ ರಿಚರ್ಡ್ ಮೆಕನಲ್ 1886ರಲ್ಲಿ ಬೆಟ್ಟ ಹತ್ತಿ ಅವನ್ನು ಆರಿಸಿ ತಂದರು. ಆ ಬೆಟ್ಟದಲ್ಲಿ ಟ್ರೈಲೊಬೈಟುಗಳ ಜೊತೆಗೆ ಇನ್ನೊಂದು ವಸ್ತುವೂ ಸಿಗುತ್ತಿತ್ತು. ಬಾಗಿದ, ಗೆಣ್ಣು ಗೆಣ್ಣಾದ, ಒಳಬದಿಯಲ್ಲಿ ಮುಳ್ಳು ಮುಳ್ಳಿರುವ ಒಂದು ತುಂಡು.

ಸಮೀಕ್ಷೆಯ ಪಳೆಯುಳಿಕೆ ತಜ್ಞ ಜೋಸೆಫ್ ಫ್ರೆಡರಿಕ್ ವೈಟೀವ್ಸ್ 1892ರಲ್ಲಿ ಅದನ್ನು ವಿವರಿಸಿ ಹೆಸರಿಟ್ಟರು. ಇದು ಸೀಗಡಿಯಂಥ ಒಂದು ಪ್ರಾಣಿಯ ಹಿಂಭಾಗ, ತಲೆ ಸಿಕ್ಕಿಲ್ಲ, ಅಂತ. ಮುಳ್ಳುಗಳು ಮಾಮೂಲಿ ಸೀಗಡಿಯ ಕಾಲುಗಳ ಹಾಗೆ ಇಲ್ಲದ್ದರಿಂದ 'ಅನೋಮಲೊಕ್ಯಾರಿಸ್ ಕೆನಡೆನ್ಸಿಸ್' ಎಂದರು. ಅರ್ಥ, ಕೆನಡಾದ ವಿಚಿತ್ರ ಸೀಗಡಿ.

ವೈಟೀವ್ಸರನ್ನು ನಾನಂತೂ ಬೈಯಲಾರೆ. ನಮ್ಮದು ಕುಂದಾಪುರದ ಕಡೆ. ಅಮ್ಮ ಚಟ್ಲಿ ಸಮ ಮಾಡುವಾಗ ತಲೆ ಕಿತ್ತು ಬದಿಗೆ ಹಾಕಿದ ಮೇಲೆ ಉಳಿಯುತ್ತದಲ್ಲ, ಕೊಕ್ಕೆಯ ಹಾಗೆ ಬಾಗಿದ ದೇಹ, ಥೇಟ್ ಹಾಗೇ ಇದೆ ಆ ಪಳೆಯುಳಿಕೆ. ಒಮ್ಮೆ ಅಮ್ಮನಿಗೆ ಅದರ ಫೋಟೋ ತೋರಿಸಿದ್ದೆ. ಕನ್ನಡಕ ಏರಿಸಿ ನೋಡಿ, "ಇದ್ ಚಟ್ಲಿ ಅಲ್ದಾ? ತಲೆ ಎಲ್ಲ್ ಹೋಯ್ತ್?" ಅಂದಳು. ಭೂವಿಜ್ಞಾನಿಗಳು ಎಂಬತ್ತಕ್ಕೂ ಹೆಚ್ಚು ವರ್ಷ ಕೇಳಿದ್ದೂ ಇದೇ ಪ್ರಶ್ನೆ, ತಲೆ ಎಲ್ಲಿ ಹೋಯಿತು? ಬೆಟ್ಟದಲ್ಲಿ ಇಂಥ ತುಂಡುಗಳು ರಾಶಿ ಸಿಕ್ಕವು, ತಲೆ ಮಾತ್ರ ಒಂದೂ ಸಿಗಲಿಲ್ಲ. 1928ರಲ್ಲಿ ಹೆನ್ರಿಕ್ಸೆನ್ ಎಂಬ ಡೆನ್ಮಾರ್ಕಿನ ವಿಜ್ಞಾನಿ, ಅದೇ ಶಿಲೆಯಲ್ಲಿ ಸಿಗುವ ಟುಜೋಯಿಯಾ ಎಂಬ ಚಿಪ್ಪು ಈ ಬಾಲದ ಮುಂಭಾಗ ಇರಬಹುದು ಅಂತ ಎರಡನ್ನೂ ಜೋಡಿಸಿದ್ದರು. ಜೋಡಣೆ ನಿಲ್ಲಲಿಲ್ಲ.

ಈಗ ಎರಡನೇ ಪಾತ್ರಧಾರಿ, ಚಾರ್ಲ್ಸ್ ಡೂಲಿಟಲ್ ವಾಲ್ಕಾಟ್. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥ. 1909ರ ಆಗಸ್ಟ್ ಕೊನೆಯಲ್ಲಿ ಫೀಲ್ಡ್ ಊರಿನ ಮೇಲಿನ ಬೆಟ್ಟಸಾಲಿನಲ್ಲಿ, ಈಗ ಜಗತ್ಪ್ರಸಿದ್ಧವಾಗಿರುವ ಬರ್ಜೆಸ್ ಶೇಲ್ ಪಳೆಯುಳಿಕೆಗಳನ್ನು ಕಂಡವರು ಇವರೇ. ಹೆಂಡತಿಯ ಕುದುರೆ ಜಾರಿ, ಅದರ ಕಾಲಡಿ ಕಲ್ಲು ಮಗುಚಿ, ಪಳೆಯುಳಿಕೆ ಕಾಣಿಸಿತು ಎಂಬ ಚಂದದ ಕಥೆಯೊಂದು ಬಹಳ ವರ್ಷ ಓಡಾಡಿತು. ಸ್ಟೀಫನ್ ಜೇ ಗೂಲ್ಡ್ 1989ರ ತಮ್ಮ 'ವಂಡರ್‌ಫುಲ್ ಲೈಫ್' ಪುಸ್ತಕದಲ್ಲಿ ವಾಲ್ಕಾಟರ ದಿನಚರಿಯನ್ನೇ ತೆಗೆದು ನೋಡಿ, ಅದು ಕಥೆಯೇ ಹೊರತು ನಡೆದದ್ದಲ್ಲ ಅಂತ ತೋರಿಸಿದರು. ಚಂದದ ಕಥೆಗೆ ಆಯಸ್ಸು ಜಾಸ್ತಿ ನೋಡಿ.

ಆ ಶಿಲೆಯ ವಿಶೇಷ ಏನೆಂದರೆ, ಸುಮಾರು 50.8 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೆಸರು ಕುಸಿದು ಪ್ರಾಣಿಗಳನ್ನು ಗಬಕ್ಕನೆ ಮುಚ್ಚಿಹಾಕಿತು. ಹಾಗಾಗಿ ಚಿಪ್ಪು, ಮುಳ್ಳು ಮಾತ್ರವಲ್ಲ, ಮೆದು ಮೈಯ ಗುರುತುಗಳೂ ಉಳಿದವು. ವಾಲ್ಕಾಟ್ 1924ರವರೆಗೆ ಮತ್ತೆ ಮತ್ತೆ ಅಲ್ಲಿಗೆ ಹೋಗಿ 65,000ಕ್ಕೂ ಹೆಚ್ಚು ಮಾದರಿಗಳನ್ನು ವಾಷಿಂಗ್ಟನ್ನಿಗೆ ಸಾಗಿಸಿದರು. ಆದರೆ ದೊಡ್ಡ ಕುರ್ಚಿಯಲ್ಲಿ ಕೂತವರಿಗೆ ಕೂತು ನೋಡಲು ಪುರುಸೊತ್ತು ಎಲ್ಲಿ? ಅವಸರದಲ್ಲಿ ಹೆಸರಿಟ್ಟು, ಗುರುತಿನ ಚೀಟಿ ಹಚ್ಚಿ ಡ್ರಾಯರಿಗೆ ಸೇರಿಸಿದರು. 1927ರಲ್ಲಿ ತೀರಿಕೊಂಡರು.

1911ರಲ್ಲಿ ಅವರು ಹೆಸರಿಟ್ಟ ಪ್ರಾಣಿಗಳಲ್ಲಿ ಮೂರು ನಮ್ಮ ಕಥೆಗೆ ಬೇಕು. ಒಂದು ಪೇಟೋಯಿಯಾ. ನಡುವೆ ತೂತು, ಸುತ್ತ 32 ಪಟ್ಟಿ, ಥೇಟ್ ಅನಾನಸ್ ಹೋಳು. ಇದು ಜೆಲ್ಲಿಮೀನು ಎಂದರು. ಇನ್ನೊಂದು ಲಗಾನಿಯಾ. ಚೀಲದ ಹಾಗೆ ಚಪ್ಪಟೆಯಾದ ಮೈ, ಇದು ಸಮುದ್ರ ಸೌತೆ ಎಂದರು. ಮೂರನೆಯದು ಸಿಡ್ನಿಯಾ, ಅವರ ಮಗ ಸಿಡ್ನಿಯ ಹೆಸರಿನದು. ಅದು ನಿಜವಾಗಿಯೂ ಬೇರೆ ಪ್ರಾಣಿ. ಆದರೆ ಒಂಟಿಯಾಗಿ ಸಿಕ್ಕ ಒಂದು ಮುಳ್ಳಿನ ಕೈಯನ್ನು ವಾಲ್ಕಾಟ್ ಈ ಸಿಡ್ನಿಯಾಕ್ಕೆ ಸೇರಿಸಿಬಿಟ್ಟರು.

ಅಲ್ಲಿಗೆ ಲೆಕ್ಕ ಹಾಕಿ. ಒಂದು ತಲೆಯಿಲ್ಲದ ಸೀಗಡಿ, ಒಂದು ಜೆಲ್ಲಿಮೀನು, ಒಂದು ಸಮುದ್ರ ಸೌತೆ, ಇನ್ನೊಬ್ಬರ ಮೈಗೆ ಅಂಟಿಸಿದ ಒಂದು ಕೈ. ನಾಲ್ಕು ಚೀಟಿ, ನಾಲ್ಕು ಜಾಗ.

ಕುರುಡರು ಆನೆ ಮುಟ್ಟಿದ ಕಥೆ ನಿಮಗೆ ನೆನಪಾಗಿರಬೇಕು, ನನಗೂ ಆಯಿತು. ಆದರೆ ಒಂದು ವ್ಯತ್ಯಾಸ ಇದೆ. ಆ ಕಥೆ ಹೇಳುವವನಿಗೆ ಆನೆ ಗೊತ್ತು, ಕೇಳುವ ನಮಗೂ ಗೊತ್ತು, ಅದಕ್ಕೇ ನಗು ಬರುತ್ತದೆ. ಇಲ್ಲಿ ಆನೆ ಕಂಡವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಇದ್ದದ್ದು ಕಾಲು, ಕಿವಿ, ಸೊಂಡಿಲು ಮಾತ್ರ. ಅವು ಒಟ್ಟಿಗೆ ಸಿಗದಿರಲು ಕಾರಣವೂ ಉಂಟು. ಕೈ ಮತ್ತು ಬಾಯಿಯ ಪಟ್ಟಿಗಳು ಸ್ವಲ್ಪ ಗಟ್ಟಿ, ಉಳಿದ ಮೈ ಮೆತ್ತಗೆ. ಪ್ರಾಣಿ ಸತ್ತ ಮೇಲೋ ಪೊರೆ ಕಳಚಿದ ಮೇಲೋ ಗಟ್ಟಿ ಭಾಗಗಳು ಬೇರೆ ಬೇರೆಯಾಗಿ ಉಳಿಯುತ್ತವೆ, ಮೆತ್ತಗಿನದು ಬಹುಪಾಲು ಕೊಳೆತುಹೋಗುತ್ತದೆ.

1966-67ರಲ್ಲಿ ಕೆನಡಾ ಸಮೀಕ್ಷೆಯವರು ಮತ್ತೆ ಬರ್ಜೆಸ್ ಶೇಲ್ ಅಗೆದರು. ಜೊತೆಗಿದ್ದವರು ಹ್ಯಾರಿ ವಿಟಿಂಗ್ಟನ್, ಟ್ರೈಲೊಬೈಟ್ ತಜ್ಞ, ಆಮೇಲೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಮುಂದೆ ಅವರ ಬಳಿ ಸೈಮನ್ ಕಾನ್ವೇ ಮಾರಿಸ್ ಮತ್ತು ಡೆರೆಕ್ ಬ್ರಿಗ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಸೇರಿಕೊಂಡರು. ಈ ಮೂವರೂ ಬುದ್ಧಿವಂತರು, ಮೂವರೂ ಎಚ್ಚರದವರು. ಆದರೂ ಏನಾಯಿತು ನೋಡಿ.

1978ರಲ್ಲಿ ಕಾನ್ವೇ ಮಾರಿಸ್ ಲಗಾನಿಯಾವನ್ನು ಹತ್ತಿರದಿಂದ ನೋಡಿದರು. ಸಮುದ್ರ ಸೌತೆಯ ಮೈಯಲ್ಲೇ ಆ ಅನಾನಸ್ ಹೋಳು ಕಾಣಿಸಿತು! ಉತ್ತರ ಕಣ್ಣೆದುರೇ ಇತ್ತು. ಆದರೆ ಅನಾನಸ್ ಹೋಳು ಅಂದರೆ ಜೆಲ್ಲಿಮೀನು ಅಂತ 67 ವರ್ಷದಿಂದ ಎಲ್ಲರೂ ಒಪ್ಪಿದ್ದರಲ್ಲ? ಹಾಗಾಗಿ ಅವರು, ಇದು ಒಂದು ಪ್ರಾಣಿಯಲ್ಲ, ಒಂದು ಸ್ಪಂಜಿನ ಮೇಲೆ ಒಂದು ಜೆಲ್ಲಿಮೀನು ಬಿದ್ದು ಒಟ್ಟಿಗೆ ಕಲ್ಲಾಗಿದೆ ಎಂದು ತೀರ್ಮಾನಿಸಿದರು. ತಪ್ಪಾಗಿ ನೋಡಿದ್ದಲ್ಲ. ಸರಿಯಾಗಿಯೇ ನೋಡಿ, ಹಳೆಯ ಚೀಟಿಯನ್ನು ನಂಬಿದ್ದು.

ಮರುವರ್ಷ, 1979ರಲ್ಲಿ, ಬ್ರಿಗ್ಸ್ ತಲೆಯಿಲ್ಲದ ಸೀಗಡಿಯನ್ನು ಕೈಗೆತ್ತಿಕೊಂಡರು. ಇದು ದೇಹದ ಹಿಂಭಾಗವೇ ಆಗಿದ್ದರೆ ಕರುಳಿನ ಗುರುತು ಇರಬೇಕಿತ್ತು, ಇಲ್ಲ. ಹಾಗಾದರೆ ಇದು ದೇಹವಲ್ಲ, ಯಾವುದೋ ದೊಡ್ಡ ಸಂಧಿಪದಿಯ ಒಂದು ಕಾಲು ಎಂದರು. (ಸಂಧಿಪದಿ ಅಂದರೆ ಸೀಗಡಿ, ಏಡಿ, ಚೇಳು, ಜಿರಳೆಗಳ ವಂಶ, ಗೆಣ್ಣು ಗೆಣ್ಣು ಕಾಲಿನವು.) ವೈಟೀವ್ಸ್ ಹೇಳಿದ 87 ವರ್ಷಗಳ ಮೇಲೆ ಯಾರೋ ಒಬ್ಬರು 'ಇದು ಪೂರ್ತಿ ಪ್ರಾಣಿಯಲ್ಲ, ಒಂದು ಅಂಗ' ಅಂದರು. ಅರ್ಧ ಸರಿ. ನಡೆಯುವ ಕಾಲು ಅಂದದ್ದು ತಪ್ಪು.

1980ರ ದಶಕದ ಆರಂಭದಲ್ಲಿ ವಿಟಿಂಗ್ಟನ್ ಕೆನಡಾ ಸಮೀಕ್ಷೆಯ ಸಂಗ್ರಹದ ಒಂದು ಮಾದರಿಯನ್ನು ಪದರ ಪದರವಾಗಿ ಬಿಡಿಸತೊಡಗಿದರು. ಬರ್ಜೆಸ್ ಶೇಲಿನ ಪ್ರಾಣಿಗಳು ಕಾಗದದಷ್ಟು ಚಪ್ಪಟೆ ಅನಿಸಿದರೂ ಅಂಗಗಳ ನಡುವೆ ತೆಳ್ಳನೆ ಕಲ್ಲಿನ ಪದರ ಇರುತ್ತದೆ, ಮೇಲಿನದನ್ನು ಕೆತ್ತಿದರೆ ಕೆಳಗಿನದು ಕಾಣುತ್ತದೆ. ಈ ಕೆಲಸಕ್ಕೆ ಎದೆಗಾರಿಕೆ ಬೇಕು, ಕೆತ್ತಿದ್ದು ಮತ್ತೆ ಬರುವುದಿಲ್ಲ. ಅವರು ಕೆತ್ತುತ್ತಾ ಹೋದಂತೆ ಮೈಯ ಮುಂಭಾಗಕ್ಕೆ ಅಂಟಿಕೊಂಡು ಮುಳ್ಳಿನ ಕೈಗಳು ಬಂದವು. ಅಲ್ಲೇ ದುಂಡನೆ ಅನಾನಸ್ ಹೋಳೂ ಬಂತು. ಸೀಗಡಿಯ ದೇಹ ಅಂದುಕೊಂಡದ್ದು ಬೇಟೆ ಹಿಡಿಯುವ ಕೈ. ಜೆಲ್ಲಿಮೀನು ಅಂದದ್ದು ಬಾಯಿ. ಸಮುದ್ರ ಸೌತೆ, ಸ್ಪಂಜು ಅಂದದ್ದು ಮೈ. ತಲೆ ಎಲ್ಲಿ ಹೋಯಿತು ಎಂದು ಕೇಳುತ್ತಾ ಕೂತವರ ಕೈಯಲ್ಲಿ ಇದ್ದದ್ದೇ ತಲೆಯ ಭಾಗ!

1985ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಬರೆದವರು ವಿಟಿಂಗ್ಟನ್ ಮತ್ತು... ಬ್ರಿಗ್ಸ್. ಆರು ವರ್ಷದ ಹಿಂದೆ 'ಇದು ಕಾಲು' ಅಂತ ಅಚ್ಚು ಹಾಕಿಸಿದ್ದ ಅದೇ ಬ್ರಿಗ್ಸ್. ತನ್ನ ತಪ್ಪನ್ನು ತಿದ್ದುವ ಲೇಖನಕ್ಕೆ ತಾನೇ ಸಹಿ ಹಾಕಿದ ಮನುಷ್ಯ. ನಾನು ಒಂದು ಕಮೆಂಟು ಒತ್ತಲಾರದೆ ಹೋದೆ. ಅದಕ್ಕೇ ಈ ಸಾಲು ಓದುವಾಗ ನಾಚಿಕೆಯಾದದ್ದು.

ಮೂರು ಪ್ರಾಣಿ ಒಂದಾಯಿತು, ಕಥೆ ಸುಖಾಂತ್ಯ. ನನ್ನ 2011ರ ಬರಹವೂ ಇಲ್ಲಿಗೇ ನಿಂತಿತ್ತು. ಆದರೆ ಕಥೆ ನಿಲ್ಲಲಿಲ್ಲ.

ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಮ್ಮಿನ ಡೆಸ್ಮಂಡ್ ಕಾಲಿನ್ಸ್ ಇನ್ನೂ ಪೂರ್ಣವಾದ ಪಳೆಯುಳಿಕೆಗಳನ್ನು ಮುಂದಿಟ್ಟುಕೊಂಡು 1996ರಲ್ಲಿ, ನೀವು ಒಂದೇ ಕುಲ ಅಂದದ್ದರಲ್ಲಿ ಎರಡು ಬೇರೆ ಪ್ರಾಣಿಗಳಿವೆ ಎಂದರು. 2009ರಲ್ಲಿ ಆಲಿಸನ್ ಡೇಲಿ ಮತ್ತು ಸಂಗಡಿಗರು ಹರ್ಡಿಯಾ ಎಂಬ ಇನ್ನೊಂದು ನೆಂಟನನ್ನು ಹೀಗೇ ತುಂಡು ತುಂಡು ಹುಡುಕಿ ಕೂಡಿಸಿದರು. 2012ರಲ್ಲಿ ಡೇಲಿ ಮತ್ತು ಯಾನ್ ಬೆರ್ಗ್‌ಸ್ಟ್ರಮ್ ತೋರಿಸಿದ್ದು ನನ್ನ ಓದುಗರು ಹೇಳಿದ ಅದೇ ವಿಷಯ. 32 ಪಟ್ಟಿ, ಅದರಲ್ಲಿ ನಾಲ್ಕು ದೊಡ್ಡವು ಎದುರುಬದುರು, ಆ ಬಾಯಿ ಅನೋಮಲೊಕ್ಯಾರಿಸ್ಸಿನದಲ್ಲ. ಅದರ ಬಾಯಲ್ಲಿ ದೊಡ್ಡ ಪಟ್ಟಿಗಳು ಮೂರೇ, ಉಳಿದವು ಸಣ್ಣವು, ಅಷ್ಟು ಅಚ್ಚುಕಟ್ಟೂ ಅಲ್ಲ. ಅನಾನಸ್ ಹೋಳಿನ ಒಡೆಯ ಬೇರೆ. ಅದಕ್ಕೆ ಈಗ ಪೇಟೋಯಿಯಾ ಎಂಬ ಹೆಸರೇ ಇದೆ, ಆದರೆ ಜೆಲ್ಲಿಮೀನಾಗಿ ಅಲ್ಲ, ಪೂರ್ತಿ ಪ್ರಾಣಿಯಾಗಿ. ವಾಲ್ಕಾಟರ ಜೆಲ್ಲಿಮೀನು ಹೋಯಿತು, ಹೆಸರು ಉಳಿಯಿತು.

ನಾನು ಬರೆದ ಒಂದು ಮೀಟರ್ ಉದ್ದವೂ ಹೋಯಿತು. 2018ರ ಒಂದು ಲೆಕ್ಕದ ಪ್ರಕಾರ ಅನೋಮಲೊಕ್ಯಾರಿಸ್ ಕೆನಡೆನ್ಸಿಸ್‌ನ ಮೈ, ಕೈ ಮತ್ತು ಬಾಲ ಬಿಟ್ಟು, ಹೆಚ್ಚೆಂದರೆ ಸುಮಾರು 38 ಸೆಂಟಿಮೀಟರ್. ಅಡಿಪಟ್ಟಿಗಿಂತ ತುಸು ಹೆಚ್ಚು. ಬೆರಳುದ್ದದ ಪ್ರಾಣಿಗಳೇ ತುಂಬಿದ್ದ ಆ ಕಾಲದ ಕಡಲಿನಲ್ಲಿ ಅದೂ ದೊಡ್ಡದೇ, ಬಿಡಿ.

ಇನ್ನು ಕಡಲೆಕಾಯಿ ಒಡೆಯುವ ವಿಚಾರ. ನಾನು ಬರೆಯುವುದಕ್ಕೆ ಮುಂಚೆಯೇ, 2010ರಲ್ಲೇ, ಡೆನ್ವರಿನ ವಸ್ತುಸಂಗ್ರಹಾಲಯದ ಜೇಮ್ಸ್ ಹ್ಯಾಗಡಾರ್ನ್ ಈ ಬಾಯಿ ಟ್ರೈಲೊಬೈಟ್ ಚಿಪ್ಪು ಒಡೆಯುವಷ್ಟು ಗಟ್ಟಿಯಲ್ಲ ಅಂದಿದ್ದರು. 2023ರಲ್ಲಿ ರಸೆಲ್ ಬಿಕ್ನೆಲ್ ಮತ್ತು ಸಂಗಡಿಗರು ಆ ಮುಳ್ಳಿನ ಕೈಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಎಷ್ಟು ಬಾಗುತ್ತದೆ, ಎಲ್ಲಿ ಒತ್ತಡ ಬೀಳುತ್ತದೆ, ನೀರಿನಲ್ಲಿ ಹೇಗೆ ಚಾಚಿದರೆ ಸಲೀಸು ಎಂದೆಲ್ಲ ನೋಡಿದರು. ಬಾಲ ಚಾವಟಿಯಂತಿರುವ ಇಂದಿನ ಚೇಳುಜಾತಿಯ ಜೀವಿಗಳ ಕೈಗಳಿಗೂ ಹೋಲಿಸಿದರು. ಗಟ್ಟಿ ಚಿಪ್ಪಿನದನ್ನು ಹಿಡಿಯಹೋದರೆ ಮುಳ್ಳುಗಳೇ ಹಾಳಾಗುತ್ತಿದ್ದವು. ಈ ಪ್ರಾಣಿ ಬೆಳಕಿನ ನೀರಿನಲ್ಲಿ ಕೈ ಮುಂದೆ ಚಾಚಿ ವೇಗವಾಗಿ ಈಜಿ, ಮೆತ್ತಗಿನ ಬೇಟೆಯನ್ನು ಹಿಡಿಯುತ್ತಿತ್ತು ಎಂಬುದು ಅವರ ತೀರ್ಮಾನ. ಇದಕ್ಕೆ ಕಣ್ಣೂ ತಕ್ಕಂತಿದೆ. 2011ರಲ್ಲಿ ಆಸ್ಟ್ರೇಲಿಯಾದ ಕಾಂಗರೂ ದ್ವೀಪದಿಂದ ವರದಿಯಾದ ಅನೋಮಲೊಕ್ಯಾರಿಸ್ ಕಣ್ಣಿನಲ್ಲಿ 16,000ಕ್ಕೂ ಹೆಚ್ಚು ಪುಟ್ಟ ಮಸೂರಗಳಿದ್ದವು, ಕೊಡತಿ ಹುಳದ... ಕ್ಷಮಿಸಿ, ಏರೋಪ್ಲೇನ್ ಚಿಟ್ಟೆಯ ಕಣ್ಣಿನ ಹಾಗೆ.

ಗೂಲ್ಡ್ ಇಂಥ ಪ್ರಾಣಿಗಳನ್ನು ಇಂದಿನ ಯಾವ ಗುಂಪಿಗೂ ಸೇರದ ವಿಚಿತ್ರಗಳು ಎಂದು ಬಹಳ ಚೆನ್ನಾಗಿ ಬರೆದಿದ್ದರು. ಅದೂ ಬದಲಾಗಿದೆ. ಅನೋಮಲೊಕ್ಯಾರಿಸ್ ಸಂಧಿಪದಿಗಳ ವಂಶವೃಕ್ಷದ ಬುಡದಲ್ಲೇ ಕವಲೊಡೆದ ಒಂದು ಕೊಂಬೆ ಎಂಬುದು ಇವತ್ತಿನ ತಿಳುವಳಿಕೆ. ಅಂದರೆ ಚಟ್ಲಿಯೇ ಅಲ್ಲದಿದ್ದರೂ ಚಟ್ಲಿಗೆ ದೂರದ ನೆಂಟ. ಅಮ್ಮನೂ ವೈಟೀವ್ಸರೂ ಪೂರ್ತಿ ತಪ್ಪಲ್ಲ!

ಒಂದು ಮಾತು ಹೇಳಿ ಮುಗಿಸುತ್ತೇನೆ. ಪ್ರಾಣಿಗಳಿಗೆ ಹೆಸರಿಡುವ ಶಾಸ್ತ್ರದಲ್ಲಿ ಮೊದಲು ಇಟ್ಟ ಹೆಸರಿಗೇ ಹಕ್ಕು, ಅರ್ಥ ತಪ್ಪಾದರೂ ಸರಿ. ಹಾಗಾಗಿ ಈ ಪ್ರಾಣಿ ಇಂದಿಗೂ 'ವಿಚಿತ್ರ ಸೀಗಡಿ'ಯೇ. 1892ರ ತಪ್ಪನ್ನು ಯಾರೂ ಅಳಿಸಲಿಲ್ಲ, ಅದರ ಮೇಲೆ ತಿದ್ದುಪಡಿಗಳನ್ನು ಪೇರಿಸುತ್ತಾ ಬಂದರು. ಯಾರು ಯಾವ ವರ್ಷ ಏನು ತಿಳಿದಿದ್ದರು, ಯಾಕೆ ಹಾಗೆ ತಿಳಿದರು ಅಂತ ಇವತ್ತು ನಾವು ಓದಬಹುದಾದದ್ದು ಅದರಿಂದಲೇ. ಅಳಿಸಿದ್ದರೆ ಉತ್ತರವೊಂದೇ ಉಳಿಯುತ್ತಿತ್ತು, ದಾರಿ ಕಾಣುತ್ತಿರಲಿಲ್ಲ.

ಅದಕ್ಕೇ ನನ್ನ ಹಳೆಯ ಬರಹವನ್ನು ಅಳಿಸಲೂ ಇಲ್ಲ, ಸದ್ದಿಲ್ಲದೆ ತಿದ್ದಲೂ ಇಲ್ಲ. ಹಾಗೇ ಇಟ್ಟು, ಮೇಲೆ ಎರಡು ಸಾಲಿನಲ್ಲಿ ಯಾವುದು ತಪ್ಪು ಎಂದು ಬರೆದು, ಕೆಳಗೆ ಆ ಕಮೆಂಟನ್ನು ಪ್ರಕಟಿಸಿದ್ದೇನೆ. ಹತ್ತು ವರ್ಷಕ್ಕೂ ಮೇಲೆ ಆಯಿತು. ಬರೆದವರು ಇದನ್ನು ನೋಡುತ್ತಾರೋ ಇಲ್ಲವೋ, ನೋಡಿದರೆ ನನ್ನದೊಂದು ನಮಸ್ಕಾರ. ಆವತ್ತೇ ಒತ್ತಬೇಕಿತ್ತು.

ನಿಮ್ಮ ಬ್ಲಾಗುಗಳ ಮೂಲೆಯಲ್ಲೂ ಇಂಥದ್ದೊಂದು ಬಿದ್ದಿರಬಹುದು, ಒಮ್ಮೆ ತೆಗೆದು ನೋಡಿ. ಹಾಗೆಯೇ ಈ ಬರಹದಲ್ಲಿ ಏನಾದರೂ ತಪ್ಪು ಕಂಡರೆ ದಯವಿಟ್ಟು ಹೇಳಿ. ಹೆಸರು ಹಾಕದಿದ್ದರೂ ಪರವಾಗಿಲ್ಲ, ಈ ಸಲ ಅದೇ ದಿನ ಪ್ರಕಟಿಸುತ್ತೇನೆ.